ಗುಳೆ ಹೋಗಲು ಅನುಮತಿ ಉಂಟು, ಗುಳೆಯನ್ನು ಓದಲು ಇಲ್ಲ

ಇತ್ತೀಚೆಗೆ ಬನಹಟ್ಟಿಯಲ್ಲಿ ನೇಕಾರ ಕುಟುಂಬವೊಂದರ ಮನೆಗೆ ಹೋಗುವ ಸಂದರ್ಭ ನಮಗೆ ಒದಗಿ ಬಂತು. ಮನೆಯ ಹಿರಿಯ ಮಗ ಗೋವಾಕ್ಕೆ ಸೆಂಟ್ರಿಂಗ್ ಕೆಲಸಕ್ಕೆ ಹೋಗಿ ಒಂಬತ್ತು ವರ್ಷಗಳಾಗಿವೆ. ಎರಡನೆಯವನು ಇಚಲಕರಂಜಿಯ ಪವರ್‌ಲೂಮ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿಯ ಕೆಲಸಗಾರ. ತಂದೆ ಮಜೂರಿಯ ಮೇಲೆ ಸೀರೆ ನೇಯುತ್ತಾರೆ. ತಾಯಿ ಕಂಡಿಕೆ ಸುತ್ತುತ್ತಾರೆ. ಮೂರನೆಯವಳು ಮಗಳು, ರಾಜ್ಯದ ವಿಶ್ವವಿದ್ಯಾಲಯವೊಂದರಲ್ಲಿ ಸಮಾಜಶಾಸ್ತ್ರದ ಎಂ.ಎ. ವಿದ್ಯಾರ್ಥಿನಿ. ವಿಶ್ವವಿದ್ಯಾಲಯಗಳ ನಡುವಿನ ವಿನಿಮಯ ವ್ಯವಸ್ಥೆಯಲ್ಲಿ ಜರ್ಮನಿಗೆ ಹೋಗಿ ಒಂದು ಸೆಮಿಸ್ಟರ್ ಕಾಲ ವಲಸೆಯ ಕುರಿತು ಅಧ್ಯಯನ ಮಾಡುವ ಅವಕಾಶ ಆಕೆಗೆ ದೊರೆತಿತ್ತು. ಬೋಧನಾ ಶುಲ್ಕವಿಲ್ಲ; ಪ್ರಯಾಣ ಮತ್ತು ವಾಸದ ಖರ್ಚನ್ನು ಮಾತ್ರ ಹೊಂದಿಸಿಕೊಳ್ಳಬೇಕಿತ್ತು. ಆ ಕುರಿತು ಸಮಾಲೋಚಿಸಲು ಬಂಧುಗಳು ಸೇರಿದ್ದರು.

ಆ ಹುಡುಗಿಯ ಚಾಚಾ ಸಜ್ಜನರು, ಮೊಹಲ್ಲಾದ ಹತ್ತಾರು ಮಂದಿಗೆ ಕಷ್ಟಕಾಲದಲ್ಲಿ ನೆರವಾದವರು. ಅವರು ನಮ್ಮತ್ತ ತಿರುಗಿ ಕೇಳಿದರು: “ಮೌಲಾನಾ, ಗುಳೇ ಹೋಗೋದನ್ನ ಕಲಿಯಾಕ ಜರ್ಮನಿಗೆ ಯಾಕ ಹೋಗಬೇಕು? ಜಮಖಂಡಿ ಸ್ಟ್ಯಾಂಡಿನಾಗ ಒಂದ ದಿನ ನಿಂತರ ಸಾಕಲ್ಲ?”

ಎಲ್ಲರೂ ನಕ್ಕರು. ಹುಡುಗಿ ನಗಲಿಲ್ಲ. “ಚಾಚಾ, ಭಾಯಿಜಾನ್‌ನ ಬಸ್ಸಿಗೆ ಹತ್ತಿಸಾಕ ಸಣ್ಣಾಕಿದ್ದಾಗಿಂದ ನಾನೂ ಆ ಸ್ಟ್ಯಾಂಡಿನಾಗ ನಿಂತೇನ್ರಿ. ನಿಂತು ನೋಡಿದ್ರಷ್ಟ ತಿಳಿಯೂದಾಗಿದ್ರ ನಮಗೆಲ್ಲಾ ಯಾವಾಗೋ ತಿಳೀಬೇಕಾಗಿತ್ತು” ಎಂದಷ್ಟೇ ಹೇಳಿ ಒಳಗೆ ಹೋದಳು. ಮಾತು ಬೇರೆ ವಿಷಯಗಳತ್ತ ಹೊರಳಿತು. ನಾವು ಚಹಾ ಕುಡಿದೆವು, ದುಆ ಮಾಡಿ ಎದ್ದು ಬಂದೆವು. ಒಪ್ಪಿಗೆ ಪತ್ರ ಕಳುಹಿಸಬೇಕಾದ ಕೊನೆಯ ದಿನಾಂಕ ಕಳೆದುಹೋಯಿತೆಂದು ಹದಿನೈದು ದಿನಗಳ ಬಳಿಕ ತಿಳಿಯಿತು. ಆ ಜಾಗಕ್ಕೆ ಬೇರೊಬ್ಬ ವಿದ್ಯಾರ್ಥಿ ಹೋದನಂತೆ.

ಅಂದು ಮಾತನಾಡಬೇಕಾದಲ್ಲಿ ನಾವು ಮೌನವಾಗಿದ್ದೆವು. ಆದ್ದರಿಂದ ಈ ಬರಹದ ಮೊದಲ ಆರೋಪಿ ನಾವೇ. ಆದರೆ ಇದು ಒಂದು ಮನೆಯ ಪ್ರಶ್ನೆಯಲ್ಲ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಮುಸ್ಲಿಮ್ ಮನೆಗಳಲ್ಲಿ ಮಗ ಗುಳೆ ಹೋಗುತ್ತೇನೆಂದರೆ ಯಾರೂ ಸಭೆ ಸೇರುವುದಿಲ್ಲ. ತಾಯಿ ರೊಟ್ಟಿ-ಚಟ್ನಿಯ ಗಂಟು ಕಟ್ಟಿಕೊಡುತ್ತಾಳೆ, ತಂದೆ ಬಸ್ಸಿನ ಹಣ ಕೊಡುತ್ತಾನೆ, ಅಲ್ಲಿಗೆ ಮುಗಿಯಿತು. ಆತ ಎಲ್ಲಿ ಮಲಗುತ್ತಾನೆ, ಯಾರ ಕೈಕೆಳಗೆ ದುಡಿಯುತ್ತಾನೆ, ಮೂರನೆಯ ಮಹಡಿಯಿಂದ ಬಿದ್ದರೆ ಆಸ್ಪತ್ರೆಯ ವೆಚ್ಚ ಯಾರದು ಎಂಬ ಯಾವ ಪ್ರಶ್ನೆಯೂ ಏಳುವುದಿಲ್ಲ. ಆದರೆ ಅದೇ ಮನೆಯ ಮಗಳು ಈ ಗುಳೆ ಏಕೆ ಎಂದು ಓದಿ ತಿಳಿದು ಬರುತ್ತೇನೆಂದರೆ ಇಡೀ ಬಂಧುವರ್ಗ ಒಟ್ಟುಗೂಡುತ್ತದೆ. ಇದೆಂಥಾ ನ್ಯಾಯ?

ಚಾಚಾರ ಪ್ರಶ್ನೆಯನ್ನು ನಾವು ತಳ್ಳಿಹಾಕುವುದಿಲ್ಲ. ಅದರಲ್ಲಿ ಅರ್ಧ ಸತ್ಯವಿದೆ. ವಲಸೆ ಎಂದೊಡನೆ ವಿಮಾನ, ವೀಸಾ, ಕೊಲ್ಲಿ ರಾಷ್ಟ್ರಗಳೇ ನಮ್ಮ ಕಣ್ಣ ಮುಂದೆ ಬರುತ್ತವೆ. ವಾಸ್ತವವಾಗಿ 2011ರ ಜನಗಣತಿಯ ಪ್ರಕಾರ ನಮ್ಮ ದೇಶದೊಳಗೇ ಹುಟ್ಟೂರು ಅಥವಾ ಹಿಂದಿನ ವಾಸಸ್ಥಳ ಬಿಟ್ಟು ಬಂದವರ ಸಂಖ್ಯೆ 45 ಕೋಟಿಗೂ ಹೆಚ್ಚು. ಗಡಿ ದಾಟಿ ಪರದೇಶಗಳಲ್ಲಿ ನೆಲೆಸಿರುವ ಇಡೀ ಜಗತ್ತಿನ ಜನರನ್ನು ಒಟ್ಟುಗೂಡಿಸಿದರೂ ವಿಶ್ವಸಂಸ್ಥೆಯ 2024ರ ಅಂದಾಜಿನಂತೆ 30 ಕೋಟಿ 40 ಲಕ್ಷದಷ್ಟಾಗುತ್ತದೆ. ಭಾರತದ 45 ಕೋಟಿಯಲ್ಲಿ ಮದುವೆಯಾಗಿ ಗಂಡನ ಊರಿಗೆ ಹೋದ ಹೆಣ್ಣುಮಕ್ಕಳದು ದೊಡ್ಡ ಪಾಲು ಎಂಬುದು ನಿಜ. ಆದರೆ ಕೆಲವು ತಿಂಗಳ ಮಟ್ಟಿಗೆ ಹೋಗಿ ಬರುವ ಗುಳೆಯವರು ಆ ಲೆಕ್ಕದಲ್ಲಿ ಸರಿಯಾಗಿ ಸಿಕ್ಕಿಬೀಳುವುದೇ ಇಲ್ಲ ಎಂಬುದೂ ಅಷ್ಟೇ ನಿಜ. ಮನೆಗೆ ಬೀಗ ಹಾಕಿ ಹೋದವರನ್ನು ಗಣತಿದಾರ ಎಲ್ಲೆಂದು ಹುಡುಕಿಯಾನು?

ಚಾಚಾ ಹೇಳಿದ ಮಾತನ್ನೇ 1885ರಲ್ಲಿ ಒಬ್ಬ ವಿದ್ವಾಂಸ ಲಂಡನ್ನಿನಲ್ಲಿ ಹೇಳಿದ್ದ. ಆತನ ಹೆಸರು ರಾವೆನ್‌ಸ್ಟೈನ್. ಜರ್ಮನಿಯಲ್ಲಿ ಹುಟ್ಟಿ ಬ್ರಿಟನ್ನಿಗೆ ಬಂದು ನೆಲೆಸಿದವನು, ಅಂದರೆ ಸ್ವತಃ ವಲಸಿಗ. ಬ್ರಿಟನ್ನಿನ ಜನಗಣತಿಯ ಅಂಕಿಗಳನ್ನು ಅಭ್ಯಸಿಸಿ, ಹೆಚ್ಚಿನ ವಲಸಿಗರು ದೂರ ಹೋಗುವುದಿಲ್ಲ, ಹತ್ತಿರದಲ್ಲೇ ಸರಿಯುತ್ತಾರೆ ಎಂದು ಆತ ತೋರಿಸಿಕೊಟ್ಟ. ಜನರ ಪ್ರತಿಯೊಂದು ಪ್ರವಾಹಕ್ಕೂ ಎದುರು ದಿಕ್ಕಿನ ಪ್ರವಾಹವೊಂದು ಇರುತ್ತದೆ ಎಂಬುದು ಆತನ ಇನ್ನೊಂದು ಸೂತ್ರ. ವಲಸೆಯ ಅಧ್ಯಯನ ಒಂದು ಶಾಸ್ತ್ರವಾಗಿ ಬೆಳೆದದ್ದು ಇಂಥ ಸೂತ್ರಗಳ ಮೇಲೆ.

ಈ ಎರಡನೆಯ ಸೂತ್ರವನ್ನು ನಮ್ಮ ಸೀಮೆಗೆ ಹಚ್ಚಿ ನೋಡೋಣ. ನಮ್ಮ ಹುಡುಗರು ಗೋವಾ, ಮಂಗಳೂರು, ಇಚಲಕರಂಜಿಗಳಿಗೆ ಬಸ್ಸು ಹತ್ತುವ ಹೊತ್ತಿಗೇ ಕೃಷ್ಣಾ ಮತ್ತು ಘಟಪ್ರಭಾ ತೀರದ ನಮ್ಮ ಕಬ್ಬಿನ ಗದ್ದೆಗಳಿಗೆ ಬೇರೆ ಸೀಮೆಯ ಗ್ಯಾಂಗುಗಳು ಬಂದು ಇಳಿಯುತ್ತವೆ. ಮಹಾರಾಷ್ಟ್ರದ ಬೀಡ್ ಜಿಲ್ಲೆಯಿಂದ ಹೊರಡುವ ಕಬ್ಬು ಕಡಿಯುವವರು ಪಶ್ಚಿಮ ಮಹಾರಾಷ್ಟ್ರಕ್ಕೂ ಕರ್ನಾಟಕದ ಕಬ್ಬಿನ ಸೀಮೆಗೂ ಹರಡುತ್ತಾರೆ. ಅವರಲ್ಲಿ ಗಂಡ-ಹೆಂಡತಿಯನ್ನು ಸೇರಿಸಿ ‘ಕೊಯ್ತಾ’ ಎನ್ನುತ್ತಾರೆ. ಇಬ್ಬರು ಮನುಷ್ಯರು ಸೇರಿ ಒಂದು ಕುಡುಗೋಲು! ಮುಂಗಡ ಪಡೆದ ಮೇಲೆ ಒಂದು ದಿನ ತಪ್ಪಿಸಿದರೂ ದಂಡ. ದಂಡಕ್ಕೆ ಅಂಜಿ ಹೆಂಗಸರು ಮುಟ್ಟಿನ ತೊಂದರೆಯೇ ಬೇಡವೆಂದು ಗರ್ಭಕೋಶವನ್ನೇ ತೆಗೆಸಿಕೊಳ್ಳುತ್ತಿದ್ದಾರೆ ಎಂಬ ಸುದ್ದಿ 2019ರಲ್ಲಿ ದೇಶವನ್ನು ಬೆಚ್ಚಿಬೀಳಿಸಿತು. ಮಹಾರಾಷ್ಟ್ರ ಸರಕಾರ ನೇಮಿಸಿದ ಸಮಿತಿಯ ಮುಂದೆ ಬಂದ ಲೆಕ್ಕದಲ್ಲಿ, ಬೀಡ್ ಜಿಲ್ಲೆಯಲ್ಲಿ ಸಮೀಕ್ಷೆಗೊಳಪಟ್ಟ 82,309 ಮಹಿಳೆಯರ ಪೈಕಿ 13,861 ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದರು.

ಓದುಗರೇ, ಸ್ವಲ್ಪ ಯೋಚಿಸಿ. ಕಬ್ಬು ಕಡಿಯಲು ಬರುವ ಹೆಂಗಸರನ್ನು ಈ ಸೀಮೆಯಲ್ಲಿ ಯಾರು ನೋಡಿಲ್ಲ? ಪ್ರತಿ ವರ್ಷ ರಸ್ತೆಬದಿಯ ಅವರ ಗುಡಿಸಲುಗಳ ಪಕ್ಕದಲ್ಲೇ ಮೋಟಾರು ಸೈಕಲ್ ಓಡಿಸಿಕೊಂಡು ನಾವು ಹೋಗುತ್ತೇವೆ. ಎಷ್ಟು ವರ್ಷ ನೋಡಿದರೂ ನಮಗೆ ತಿಳಿಯದಿದ್ದ ಸಂಗತಿ, ಒಬ್ಬೊಬ್ಬರನ್ನೇ ಕೂರಿಸಿ ಕೇಳಿ ಎಣಿಸಿದಾಗ ತಿಳಿಯಿತು. ಬಸ್ ಸ್ಟ್ಯಾಂಡಿನಲ್ಲಿ ನಿಲ್ಲುವುದಕ್ಕೂ ಅಧ್ಯಯನಕ್ಕೂ ಇರುವ ಅಂತರ ಇದೇ. ಯಾವ ಪ್ರಶ್ನೆ ಕೇಳಬೇಕು, ಯಾರನ್ನು ಕೇಳಬೇಕು, ಉತ್ತರವನ್ನು ಹೇಗೆ ದಾಖಲಿಸಬೇಕು, ಬಡವನ ಗುಟ್ಟನ್ನು ರಟ್ಟು ಮಾಡದೆ ಅವನ ಸಂಕಟವನ್ನು ಹೇಗೆ ಲೋಕದ ಮುಂದಿಡಬೇಕು ಎಂಬುದನ್ನು ಯಾರಾದರೂ ಕಲಿಸಬೇಕು, ಯಾರಾದರೂ ಕಲಿಯಬೇಕು.

ಸರಿ, ಕಲಿಯಲಿ. ಆದರೆ ಅದಕ್ಕೆ ಜರ್ಮನಿಯೇ ಏಕೆ? ಇದಕ್ಕೂ ಉತ್ತರವಿದೆ.

ಎರಡನೆಯ ಮಹಾಯುದ್ಧದ ಬಳಿಕ ಕಾರ್ಖಾನೆಗಳಿಗೆ ಆಳು ಸಾಲದೆ ಪಶ್ಚಿಮ ಜರ್ಮನಿಯು 1961ರಲ್ಲಿ ತುರ್ಕಿಯೊಂದಿಗೆ ಒಪ್ಪಂದ ಮಾಡಿಕೊಂಡು ಕಾರ್ಮಿಕರನ್ನು ಕರೆಸಿತು. ಅವರನ್ನು ‘ಅತಿಥಿ ಕಾರ್ಮಿಕರು’ ಎಂದು ಕರೆಯಲಾಯಿತು. ಅತಿಥಿ ಎಂಬ ಪದದ ಅರ್ಥ ಗೌರವವಾಗಿರಲಿಲ್ಲ. ಕೆಲಸ ಮುಗಿದೊಡನೆ ಹೊರಡಬೇಕಾದವನು ಎಂದಾಗಿತ್ತು. 1973ರಲ್ಲಿ ತೈಲದ ಬಿಕ್ಕಟ್ಟು ಬಂದಾಗ ನೇಮಕಾತಿಯನ್ನು ನಿಲ್ಲಿಸಲಾಯಿತು. ಆದರೆ ಬಂದವರಲ್ಲಿ ಬಹಳಷ್ಟು ಮಂದಿ ಮರಳಿ ಹೋಗಲಿಲ್ಲ. ಹೆಂಡತಿ ಮಕ್ಕಳು ಬಂದರು, ಮಸೀದಿಗಳಾದವು, ಮೊಮ್ಮಕ್ಕಳು ಜರ್ಮನ್ ಭಾಷೆಯಲ್ಲೇ ಕನಸು ಕಾಣತೊಡಗಿದರು. ವಿದೇಶೀ ಪೋಷಕರಿಗೆ ಜರ್ಮನಿಯಲ್ಲಿ ಹುಟ್ಟಿದ ಮಕ್ಕಳಿಗೆ ಕೆಲವು ಷರತ್ತುಗಳೊಂದಿಗೆ ಹುಟ್ಟಿನಿಂದಲೇ ಪೌರತ್ವ ಕೊಡುವ ಕಾನೂನು ಜಾರಿಗೆ ಬರಲು 2000ನೇ ಇಸವಿ ಬೇಕಾಯಿತು.

ನಮ್ಮ ಹುಡುಗಿ ಅಲ್ಲಿ ನೋಡಬೇಕಾದದ್ದು ಇದೊಂದೇ ಅಲ್ಲ. 1990ರಲ್ಲಿ ತುರ್ಕಿ ಮೂಲದ ವಲಸಿಗರೇ ಸೇರಿಕೊಂಡು ತಮ್ಮ ಚರಿತ್ರೆಯನ್ನು ತಾವೇ ಕಾಪಾಡಿಕೊಳ್ಳಲು ಒಂದು ದಾಖಲೆ ಕೇಂದ್ರವನ್ನು ಸ್ಥಾಪಿಸಿದರು. ‘ಡೋಮಿಡ್’ ಎಂದು ಹೆಸರಾದ ಆ ಸಂಸ್ಥೆ ಇಂದು ಕಲೋನ್ ನಗರದಲ್ಲಿದೆ. ಕೆಲಸದ ಕರಾರುಪತ್ರ, ಊರಿಗೆ ಬರೆದ ಕಾಗದ, ಹಳೆಯ ಭಾವಚಿತ್ರ, ಸೂಟ್‌ಕೇಸು ಮೊದಲಾದವನ್ನು ಒಟ್ಟುಗೂಡಿಸಿ, ಇಲ್ಲಿ ನಾವೂ ಇದ್ದೆವು, ಈ ದೇಶವನ್ನು ನಾವೂ ಕಟ್ಟಿದೆವು ಎಂದು ಸಾರುವ ಸಾಕ್ಷ್ಯವನ್ನು ಅವರು ಕೂಡಿಟ್ಟರು. ಇದನ್ನು ಮಾಡಿದ್ದು ಸರಕಾರವಲ್ಲ, ಕೂಲಿಗೆ ಬಂದವರ ಸಮುದಾಯ.

ಈಗ ನಮ್ಮ ಗೋವಾದ ಕಡೆ ಹೊರಳೋಣ. ಗೋವಾದ ರಸ್ತೆ, ಸೇತುವೆ, ಹೋಟೆಲು, ಮನೆಗಳಲ್ಲಿ ಬಾಗಲಕೋಟೆ-ವಿಜಯಪುರ ಸೀಮೆಯವರ ಬೆವರು ಎಷ್ಟಿದೆ! ಆದರೂ ಅಲ್ಲಿ ಅವರಿಗೆ ಸಿಕ್ಕ ಬಿರುದು ‘ಘಾಟಿ’, ಘಟ್ಟದ ಮೇಲಿನಿಂದ ಇಳಿದು ಬಂದವನು ಎಂಬ ತಿರಸ್ಕಾರದ ಪದ. 2004ರಲ್ಲಿ ವಾಸ್ಕೋದ ಬೈನಾ ಕಡಲ ದಂಡೆಯ ಗುಡಿಸಲುಗಳನ್ನು ನೆಲಸಮ ಮಾಡಿದಾಗ, 2015ರಲ್ಲಿ ಮತ್ತೆ ಬುಲ್ಡೋಜರ್ ಬಂದಾಗ ಬೀದಿಗೆ ಬಿದ್ದವರಲ್ಲಿ ದೊಡ್ಡ ಸಂಖ್ಯೆಯ ಕನ್ನಡಿಗರಿದ್ದರು. 2020ರ ಲಾಕ್‌ಡೌನಿನಲ್ಲಿ ನಡೆದು, ಲಾರಿ ಹತ್ತಿ, ಹೇಗೋ ಊರು ಸೇರಿದ ನಮ್ಮ ಹುಡುಗರ ಪಟ್ಟಿ ಯಾವ ಜಮಾಅತ್‌ನ ದಫ್ತರಿನಲ್ಲಿದೆ? ಜನಾಝಾ ಮತ್ತು ನಿಕಾಹ್‌ಗಳ ದಾಖಲೆ ನಮ್ಮಲ್ಲಿರುತ್ತದೆ, ಚಂದಾ ಪುಸ್ತಕವೂ ಇರುತ್ತದೆ. ಮೊಹಲ್ಲಾದ ಎಷ್ಟು ಯುವಕರು ಯಾವ ಊರಲ್ಲಿ ಯಾವ ಗುತ್ತಿಗೆದಾರನ ಕೆಳಗಿದ್ದಾರೆ ಎಂಬ ಒಂದು ಪುಟ ನಾವು ಕಂಡ ಯಾವ ಜಮಾಅತ್‌ನಲ್ಲೂ ಇರಲಿಲ್ಲ. ತುರ್ಕಿಯ ಕೂಲಿಕಾರರಿಗೆ ಹೊಳೆದದ್ದು ನಮಗೇಕೆ ಹೊಳೆಯಲಿಲ್ಲ? ಅದನ್ನು ನೋಡಿ ಬಂದು ಹೇಳುವವರನ್ನು ನಾವು ಕಳುಹಿಸಲೇ ಇಲ್ಲ, ಅದಕ್ಕೆ.

ವಿಪರ್ಯಾಸವೆಂದರೆ ಬನಹಟ್ಟಿಯ ಚಾಚಾ ಪ್ರೀತಿಯಿಂದ ಕೇಳಿದ ಪ್ರಶ್ನೆಯನ್ನೇ ದೆಹಲಿಯ ಅಧಿಕಾರಸ್ಥರು ಆದೇಶದ ರೂಪದಲ್ಲಿ ಕೇಳಿದ್ದಾರೆ. ಪರಿಶಿಷ್ಟ ಜಾತಿಗಳು, ಅಲೆಮಾರಿ ಸಮುದಾಯಗಳು, ಭೂಹೀನ ಕೃಷಿ ಕಾರ್ಮಿಕರು ಮತ್ತು ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳು ವಿದೇಶದಲ್ಲಿ ಉನ್ನತ ವ್ಯಾಸಂಗ ಮಾಡಲೆಂದು ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವಿದೆ. 2022ರಲ್ಲಿ ಅದರ ಮಾರ್ಗಸೂಚಿಯನ್ನು ಬದಲಾಯಿಸಿ, ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ ಹಾಗೂ ಭಾರತೀಯ ಸಮಾಜದ ಕುರಿತ ವಿಷಯಗಳಿಗೆ ಈ ವೇತನವಿಲ್ಲ ಎಂದು ಸಾರಲಾಯಿತು. ಭಾರತದ ಬಗ್ಗೆ ಓದಲು ಹೊರದೇಶ ಏಕೆ ಎಂಬುದೇ ಅದರ ಹಿಂದಿನ ವಾದ. ಅಂದರೆ ದಲಿತನ ಮಗ ವಿದೇಶಕ್ಕೆ ಹೋಗಿ ಕಂಪ್ಯೂಟರ್ ಕಲಿಯಬಹುದು; ತನ್ನ ಅಪ್ಪ ಏಕೆ ಊರು ಬಿಟ್ಟ ಎಂಬುದನ್ನು ಮಾತ್ರ ಕಲಿಯುವಂತಿಲ್ಲ. ಉಳ್ಳವರ ಮಕ್ಕಳಿಗೆ ಈ ನಿರ್ಬಂಧವಿಲ್ಲ; ಅವರು ತಂದೆಯ ಹಣದಲ್ಲಿ ಯಾವ ವಿಷಯವನ್ನಾದರೂ ಓದುತ್ತಾರೆ, ನಾಳೆ ನಮ್ಮ ಬಗ್ಗೆ ಗ್ರಂಥವನ್ನೂ ಬರೆಯುತ್ತಾರೆ.

ಅದೇ 2022ರಲ್ಲಿ ಅಲ್ಪಸಂಖ್ಯಾತರ ಪಾಲಿನ ಬಾಗಿಲುಗಳೂ ಮುಚ್ಚಿದವು. ಸಂಶೋಧನಾ ವಿದ್ಯಾರ್ಥಿಗಳಿಗಾಗಿ 2009ರಿಂದ ಇದ್ದ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್ ಅನ್ನು 2022-23ರಿಂದ ನಿಲ್ಲಿಸಲಾಯಿತು. ವಿದೇಶ ವ್ಯಾಸಂಗದ ಬ್ಯಾಂಕ್ ಸಾಲಕ್ಕೆ ಬಡ್ಡಿ ಸಹಾಯಧನ ನೀಡುತ್ತಿದ್ದ ‘ಪಢೋ ಪರದೇಶ್’ ಯೋಜನೆಯೂ ಅದೇ ವರ್ಷದಿಂದ ನಿಂತಿತು. ಬೇರೆ ಯೋಜನೆಗಳಿವೆ, ಇದು ಪುನರಾವರ್ತನೆ ಎಂಬುದು ಫೆಲೋಶಿಪ್‌ನ ಬಗ್ಗೆ ಸರಕಾರ ಕೊಟ್ಟ ಸಮಜಾಯಿಷಿ. ಯೋಜನೆಗಳು ಒಂದರ ಮೇಲೊಂದು ಬಿದ್ದು ಮುಸ್ಲಿಮ್ ವಿದ್ಯಾರ್ಥಿಗಳು ಹಣದ ಹೊಳೆಯಲ್ಲಿ ತೇಲುತ್ತಿದ್ದ ದೃಶ್ಯವನ್ನು ನಾವಂತೂ ಎಲ್ಲೂ ಕಂಡಿಲ್ಲ. ಇದನ್ನು ಪ್ರಶ್ನಿಸಬೇಕು, ನಮ್ಮ ಶಾಸಕರಿಂದಲೂ ಸಂಸದರಿಂದಲೂ ಉತ್ತರ ಕೇಳಬೇಕು ಎಂಬುದರಲ್ಲಿ ಎರಡು ಮಾತಿಲ್ಲ.

ಆದರೆ ದೆಹಲಿಯತ್ತ ಬೆರಳು ತೋರಿಸಿದ ಮಾತ್ರಕ್ಕೆ ನಮ್ಮ ಹೊಣೆ ಮುಗಿಯುವುದೇ? ಲೆಕ್ಕ ಹಾಕೋಣ. ಜರ್ಮನಿಯಲ್ಲಿ ಓದಲು ಹೋಗುವ ವಿದ್ಯಾರ್ಥಿ ತಿಂಗಳಿಗೆ 992 ಯೂರೋ, ಅಂದರೆ ನಮ್ಮ ಸುಮಾರು ಒಂದು ಲಕ್ಷ ರೂಪಾಯಿ, ತನ್ನ ಬಳಿ ಇದೆಯೆಂದು ತೋರಿಸಬೇಕೆಂಬ ನಿಯಮವನ್ನು ಆ ದೇಶ 2024ರಲ್ಲಿ ತಂದಿದೆ. ಒಂದು ಸೆಮಿಸ್ಟರ್ ಎಂದರೆ ಐದಾರು ಲಕ್ಷ. ನೇಕಾರನಿಗೆ ಇದು ಬೆಟ್ಟದಷ್ಟು ಮೊತ್ತ ನಿಜ. ಆದರೆ ನಮ್ಮ ಸಮುದಾಯಕ್ಕೆ? ಇದಕ್ಕಿಂತ ಹೆಚ್ಚು ಖರ್ಚಾದ ಮದುವೆಗಳಲ್ಲಿ ಬಿರಿಯಾನಿ ಉಂಡು, ವರನ ಕಡೆಯವರ ಮೆರವಣಿಗೆ ನೋಡಿ ನಾವೆಲ್ಲ ಮನೆಗೆ ಬಂದಿದ್ದೇವೆ. ಅದೇ ಬನಹಟ್ಟಿಯ ಹುಡುಗಿಯ ಮದುವೆ ನಿಶ್ಚಯವಾದರೆ ಅದೇ ಬಂಧುಗಳು ಸಾಲ ಮಾಡಿಯಾದರೂ ಹಣ ಹೊಂದಿಸುತ್ತಾರೆ. ಓದಿಗೆ ಹಣವಿಲ್ಲ ಎನ್ನುವವರು ವರದಕ್ಷಿಣೆಗೆ ಹಣ ಎಲ್ಲಿಂದ ತರುತ್ತಾರೆ?

“ಎಂ.ಎ. ಓದಿ ಏನು ಸಿಗುತ್ತದೆ? ಇಂಜಿನಿಯರಿಂಗ್ ಆಗಿದ್ದರೆ ಯೋಚಿಸಬಹುದಿತ್ತು” ಎಂಬ ಮಾತೂ ಅಂದು ಬಂತು. ಕಲಾ ವಿಭಾಗದಲ್ಲಿ ಓದಿದ ನಮಗೆ ಈ ಮಾತು ಹೊಸದಲ್ಲ. ನಮ್ಮಲ್ಲಿ ಇಂಜಿನಿಯರುಗಳೂ ವೈದ್ಯರೂ ಬೇಕು. ಆದರೆ ಆಲಮಟ್ಟಿಯ ಹಿನ್ನೀರನ್ನು ಲೆಕ್ಕ ಹಾಕಲು ಇಂಜಿನಿಯರು ಸಾಕು. ಹಿನ್ನೀರು ನುಗ್ಗಿದ ಮನೆಯವರು ಏನಾದರು ಎಂದು ಲೆಕ್ಕ ಹಾಕಲು ಯಾರು ಬೇಕು? 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಆಲಮಟ್ಟಿ ಜಲಾಶಯವನ್ನು ನಾಡಿಗೆ ಸಮರ್ಪಿಸಿದಾಗ ನಾವೆಲ್ಲ ಹೆಮ್ಮೆಪಟ್ಟೆವು. ಆ ಹೊತ್ತಿಗೆ ಹಳೆಯ ಬಾಗಲಕೋಟೆಯ ಎಷ್ಟೋ ಓಣಿಗಳ ಜನ ನವನಗರಕ್ಕೆ ಸ್ಥಳಾಂತರಗೊಂಡಿದ್ದರು, ಬೀಳಗಿ ಸೀಮೆಯ ಹಳ್ಳಿಗಳು ಪುನರ್ವಸತಿ ಕೇಂದ್ರಗಳಾಗಿದ್ದವು. ಒಂದೇ ಗಲ್ಲಿಯಲ್ಲಿ ಬದುಕಿದ ಅಕ್ಕಪಕ್ಕದ ಮನೆಗಳವರು ದಿಕ್ಕಿಗೊಬ್ಬರಾದರು. 2010ರ ಡಿಸೆಂಬರಿನಲ್ಲಿ ಕೃಷ್ಣಾ ನ್ಯಾಯಾಧಿಕರಣವು ಅಣೆಕಟ್ಟಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಸಮ್ಮತಿಸಿದೆ. 75 ಸಾವಿರಕ್ಕೂ ಹೆಚ್ಚು ಎಕರೆ ಮುಳುಗಲಿದ್ದು, ಎಕರೆಗೆ ನೀರಾವರಿ ಭೂಮಿಯಾದರೆ 40 ಲಕ್ಷ, ಒಣಭೂಮಿಯಾದರೆ 30 ಲಕ್ಷ ರೂಪಾಯಿ ಪರಿಹಾರವೆಂದು ರಾಜ್ಯ ಸಚಿವ ಸಂಪುಟ 2025ರ ಸೆಪ್ಟೆಂಬರಿನಲ್ಲಿ ತೀರ್ಮಾನಿಸಿತು.

ಎಕರೆಗೆ ಬೆಲೆ ಕಟ್ಟಿದ್ದಾಯಿತು. ಎಕರೆಯೇ ಇಲ್ಲದವನಿಗೆ? ಮುಳುಗುವ ಊರಿನಲ್ಲಿ ಬಾಡಿಗೆ ಅಂಗಡಿಯಲ್ಲಿ ಸೈಕಲ್ ಪಂಕ್ಚರ್ ಹಾಕುವವನು, ಕುರಿ ಕಡಿಯುವವನು, ಗಾದಿ ತುಂಬುವವನು, ಪರರ ಹೊಲದಲ್ಲಿ ದುಡಿಯುವ ವಿಧವೆ - ಇವರಲ್ಲಿ ನಮ್ಮವರು ಎಷ್ಟು ಮಂದಿ ಎಂದು ಹೇಳಬೇಕಿಲ್ಲ. ಪಹಣಿಯಲ್ಲಿ ಹೆಸರಿಲ್ಲದ ಇವರು ಕಳೆದುಕೊಳ್ಳುವುದೇನೆಂದು ಕಾಗದದ ಮೇಲೆ, ಅಂಕಿಸಂಖ್ಯೆಯ ಸಮೇತ, ನ್ಯಾಯಾಲಯ ಒಪ್ಪುವ ಭಾಷೆಯಲ್ಲಿ ಬರೆಯಬಲ್ಲವರು ನಮಗೆ ಬೇಕು. ಸಮಾಜಶಾಸ್ತ್ರ ಓದಿ ಏನು ಸಿಗುತ್ತದೆ ಎಂದು ಕೇಳುವವರಿಗೆ ನಮ್ಮ ಉತ್ತರ ಇದು.

ಇನ್ನು, ಬಾಯಿಬಿಟ್ಟು ಹೇಳದಿದ್ದರೂ ಎಲ್ಲರ ಮನಸ್ಸಿನಲ್ಲಿದ್ದ ಆಕ್ಷೇಪ: ಆಕೆ ಹೆಣ್ಣು. ಮಹ್ರಮ್ ಇಲ್ಲದೆ ಹೆಣ್ಣುಮಗಳ ದೂರ ಪ್ರಯಾಣದ ಕುರಿತು ಧರ್ಮಶಾಸ್ತ್ರಜ್ಞರಲ್ಲಿ ಚರ್ಚೆಯಿದೆ, ಅದನ್ನು ನಾವು ಹಗುರವಾಗಿ ಕಾಣುವುದಿಲ್ಲ. ನಮ್ಮ ಸೀಮೆಯ ಬಹುತೇಕರು ಅನುಸರಿಸುವ ಹನಫೀ ಪಂಥದ ನಿಲುವು ಬಿಗಿಯಾದುದು. ಆದರೆ ಶಾಫಿಈ ಮತ್ತು ಮಾಲಿಕೀ ವಿದ್ವಾಂಸರು ವಿಶ್ವಾಸಾರ್ಹ ಸಂಗಡಿಗರಿದ್ದಲ್ಲಿ ಕಡ್ಡಾಯ ಹಜ್ಜ್‌ಗೆ ಸ್ತ್ರೀಯು ಮಹ್ರಮ್ ಇಲ್ಲದೆಯೂ ಹೋಗಬಹುದೆಂದಿದ್ದಾರೆ. ದಾರಿಯ ಸುರಕ್ಷೆಯೇ ಈ ನಿಯಮದ ತಿರುಳು ಎಂದು ವಿವರಿಸಿದವರಿದ್ದಾರೆ. ಹೀರಾದಿಂದ ಕಅ್‌ಬಾದ ತನಕ ಹೆಣ್ಣೊಬ್ಬಳು ಅಲ್ಲಾಹನ ಹೊರತು ಯಾರ ಭಯವೂ ಇಲ್ಲದೆ ಪ್ರಯಾಣಿಸುವ ಕಾಲ ಬರಲಿದೆ ಎಂದು ಪ್ರವಾದಿವರ್ಯರು(ಸ) ಅದಿಯ್ಯ್ ಬಿನ್ ಹಾತಿಮ್‌ರಿಗೆ(ರ) ತಿಳಿಸಿದ ಪ್ರಸಂಗ ಬುಖಾರಿಯಲ್ಲಿದೆ. ಚರ್ಚೆ ಮಾಡುವುದಾದರೆ ಮಾಡೋಣ, ಉಲಮಾಗಳ ಮುಂದಿಡೋಣ. ಆದರೆ ಕೂಲಿ ಗುಂಪಿನೊಂದಿಗೆ ನಮ್ಮ ಹೆಣ್ಣುಮಕ್ಕಳು ಕಾಂಕ್ರೀಟು ಹೊರಲು ಹೋದಾಗ, ಊರೂರು ಅಲೆದು ಬಟ್ಟೆ ಮಾರುವಾಗ ಮಹ್ರಮ್ ಎಲ್ಲಿ ಎಂದು ಕೇಳಿದವರು ಯಾರು? ಬಡತನಕ್ಕೆ ಕೊಟ್ಟ ರಿಯಾಯಿತಿಯನ್ನು ವಿದ್ಯೆಗೆ ಮಾತ್ರ ನಿರಾಕರಿಸುವುದು ಧರ್ಮನಿಷ್ಠೆಯಲ್ಲ, ಕಪಟ.

ಹದಿನಾಲ್ಕನೆಯ ಶತಮಾನದಲ್ಲಿ ಮೊರಾಕ್ಕೋದ ಇಬ್ನ್ ಬತೂತಾ ನಮ್ಮದೇ ಕರಾವಳಿಯ ಹೊನ್ನಾವರಕ್ಕೆ ಬಂದಿದ್ದ. ಅಲ್ಲಿ ಬಾಲಕಿಯರಿಗಾಗಿ 13 ಮತ್ತು ಬಾಲಕರಿಗಾಗಿ 23 ಶಾಲೆಗಳಿದ್ದವೆಂದೂ, ಇದನ್ನು ತಾನು ಬೇರೆಲ್ಲೂ ಕಂಡಿಲ್ಲವೆಂದೂ ತನ್ನ ಪ್ರವಾಸ ಕಥನದಲ್ಲಿ ದಾಖಲಿಸಿದ್ದಾನೆ. ಅರ್ಧ ಜಗತ್ತು ಸುತ್ತಿದವನಿಗೆ ಕನ್ನಡ ನೆಲದ ಮುಸ್ಲಿಮ್ ಹೆಣ್ಣುಮಕ್ಕಳ ಶಾಲೆ ಅಚ್ಚರಿಯಾಗಿ ಕಂಡಿತು. ಸುಮಾರು ಏಳು ಶತಮಾನಗಳ ಬಳಿಕ ಅದೇ ನಾಡಿನ ಹುಡುಗಿಯೊಬ್ಬಳು ಪ್ರವಾಸ ಹೊರಟರೆ ನಮಗೆ ಅಚ್ಚರಿಯಾಗುತ್ತಿದೆ. ಹೊರಗಿನಿಂದ ಬಂದವನು ಬರೆದಿಟ್ಟದ್ದರಿಂದಲೇ ಆ ಶಾಲೆಗಳ ಸಂಖ್ಯೆ ನಮಗಿಂದು ಗೊತ್ತು ಎಂಬುದನ್ನೂ ಮರೆಯಬಾರದು.

ವಿದ್ಯೆಗಾಗಿ ಪ್ರಯಾಣ ನಮಗೆ ಹೊಸದೇ? ಒಂದೇ ಒಂದು ಹದೀಸನ್ನು ನೇರವಾಗಿ ಕೇಳಲು ಜಾಬಿರ್ ಬಿನ್ ಅಬ್ದುಲ್ಲಾಹ್(ರ) ಒಂದು ತಿಂಗಳ ದಾರಿ ಸವೆಸಿ ಅಬ್ದುಲ್ಲಾಹ್ ಬಿನ್ ಉನೈಸ್‌ರ(ರ) ಬಾಗಿಲಿಗೆ ಹೋದರು. ಇಂಥ ಪ್ರಯಾಣಗಳ ಕುರಿತೇ ಖತೀಬ್ ಬಗ್ದಾದಿಯವರು ಒಂದು ಗ್ರಂಥ ಬರೆದರು. ಚೀನಾಕ್ಕೆ ಹೋಗಿಯಾದರೂ ವಿದ್ಯೆ ಕಲಿಯಿರಿ ಎಂಬ ಮಾತನ್ನು ನಮ್ಮ ಭಾಷಣಕಾರರು ಪ್ರತಿ ವೇದಿಕೆಯಲ್ಲೂ ಉದ್ಧರಿಸುತ್ತಾರೆ. ಅದು ದುರ್ಬಲ ವರದಿ, ಪ್ರವಾದಿ ವಚನವೆಂದು ಸ್ಥಿರಪಟ್ಟಿಲ್ಲ ಎಂದು ಹದೀಸ್ ವಿಶಾರದರು ಹೇಳಿರುವುದನ್ನು ಮದ್ರಸದಲ್ಲಿ ಓದಿದವರೆಲ್ಲ ಬಲ್ಲರು. ನಮ್ಮ ಸೋಜಿಗ ಬೇರೆ. ಸ್ಥಿರಪಡದ ಮಾತನ್ನು ಇಷ್ಟು ಗಟ್ಟಿಯಾಗಿ ಹೇಳುವವರು, ಹುಡುಗಿಯೊಬ್ಬಳು ನಿಜವಾಗಿಯೂ ಹೊರಟು ನಿಂತಾಗ ಏಕೆ ಗಂಟಲು ಕಟ್ಟಿದವರಂತಾಗುತ್ತಾರೆ? ನಮ್ಮನ್ನು ಹನ್ನೊಂದನೆಯ ವಯಸ್ಸಿನಲ್ಲಿ ಎರಡು ದಿನದ ರೈಲು ಪ್ರಯಾಣದ ದೂರದಲ್ಲಿದ್ದ ಮದ್ರಸಕ್ಕೆ ಬಿಟ್ಟು ಬಂದಾಗ, ಕುರ್‌ಆನ್ ಕಲಿಯಲು ಅಷ್ಟು ದೂರವೇಕೆ, ಮೊಹಲ್ಲಾದ ಮಸೀದಿ ಸಾಲದೇ ಎಂದು ಯಾರೂ ಕೇಳಲಿಲ್ಲ. ಮಸೀದಿಯಲ್ಲಿ ಓದಲು ಕಲಿತೆವು, ಅರ್ಥ ತಿಳಿಯಲು ಉಸ್ತಾದರನ್ನು ಅರಸಿ ಹೋದೆವು. ಬಸ್ ಸ್ಟ್ಯಾಂಡಿಗೂ ವಿಶ್ವವಿದ್ಯಾಲಯಕ್ಕೂ ಇರುವ ಸಂಬಂಧವೂ ಅದೇ.

ಇಷ್ಟು ಹೇಳಿದ ಮೇಲೆ, ಹೋಗುವ ಅವಕಾಶ ಪಡೆದವರಿಗೂ ಒಂದು ಮಾತು ಹೇಳಲೇಬೇಕು. ವಿದೇಶದ ಸೆಮಿಸ್ಟರ್ ಎಂಬುದು ಹಲವರಿಗೆ ಹಿಮದ ಮುಂದೆ ನಿಂತ ಒಂದು ಭಾವಚಿತ್ರ, ಅರ್ಜಿಯಲ್ಲಿ ಸೇರಿಸಲು ಒಂದು ಸಾಲು ಮಾತ್ರ ಆಗಿಬಿಟ್ಟಿದೆ. ಸಿರಿಯಾದ ನಿರಾಶ್ರಿತರ ಬಗ್ಗೆ ಪ್ರಬಂಧ ಮಂಡಿಸಿ ಬಂದವರು ತಮ್ಮ ತೋಟದಲ್ಲಿ ಕಬ್ಬು ಕಡಿಯುವವರ ಮಕ್ಕಳು ಶಾಲೆಗೆ ಹೋಗುತ್ತಾರೆಯೇ ಎಂದು ಕೇಳದಿದ್ದರೆ ಆ ವಿದ್ಯೆ ಯಾರಿಗೆ ಬೇಕು? ಡಚ್ ಸಮಾಜಶಾಸ್ತ್ರಜ್ಞ ಯಾನ್ ಬ್ರೆಮನ್ 1962ರಲ್ಲಿ ತರುಣನಾಗಿ ದಕ್ಷಿಣ ಗುಜರಾತಿನ ಹಳ್ಳಿಗಳಿಗೆ ಬಂದ. ಬಾರ್ಡೋಲಿಯ ಸಕ್ಕರೆ ಕಾರ್ಖಾನೆಗಳು ಸ್ಥಳೀಯ ಭೂಹೀನರನ್ನು ಬಿಟ್ಟು ಹೊರಗಿನ ಕಬ್ಬು ಕಡಿಯುವವರನ್ನೇ ಏಕೆ ಕರೆತರುತ್ತವೆ, ಸ್ಥಳೀಯರು ಏಕೆ ಬೇರೆಡೆಗೆ ಕೂಲಿ ಅರಸಿ ಹೋಗುತ್ತಾರೆ ಎಂಬುದನ್ನು ಆತ ಬಿಡಿಸಿ ತೋರಿಸಿದ. ಹೊರಗಿನ ಕೂಲಿಕಾರನನ್ನು ಹದ್ದುಬಸ್ತಿನಲ್ಲಿಡುವುದು ಸುಲಭ, ಅದಕ್ಕೆ! ಇದು ನಮ್ಮ ಮುಧೋಳ-ಜಮಖಂಡಿಗಳಿಗೆ ಎಷ್ಟು ಅನ್ವಯಿಸುತ್ತದೆ ಎಂದು ಯಾರಾದರೂ ಪರೀಕ್ಷಿಸಬೇಡವೇ? ಒಂದು ಸಲ ಬಂದು ಹೋಗದೆ ದಶಕಗಳ ಕಾಲ ಮತ್ತೆ ಮತ್ತೆ ಅದೇ ಸೀಮೆಗೆ ಮರಳಿದ್ದರಿಂದ ಬ್ರೆಮನ್‌ನ ಮಾತಿಗೆ ತೂಕ ಬಂತು. ಪರದೇಶಿಯೊಬ್ಬ ನಮ್ಮ ಬಡವರಿಗಾಗಿ ಅಷ್ಟು ಮಾಡಬಹುದಾದರೆ ನಮ್ಮ ಮಕ್ಕಳು ತಮ್ಮ ಅಣ್ಣಂದಿರಿಗಾಗಿ ಮಾಡಲಾರರೇ?

ಹಾಗಾದರೆ ಮಾಡಬೇಕಾದದ್ದೇನು? ಮೊದಲನೆಯದಾಗಿ, ಪ್ರತಿ ಜಮಾಅತ್ ತನ್ನ ಮೊಹಲ್ಲಾದಿಂದ ಗುಳೆ ಹೋದವರ ಒಂದು ದಫ್ತರನ್ನು ಇಡಲಿ: ಹೆಸರು, ಊರು, ಕೆಲಸ, ಗುತ್ತಿಗೆದಾರ, ಮನೆಯವರ ದೂರವಾಣಿ ಸಂಖ್ಯೆ. ಅನಾಹುತ ನಡೆದ ರಾತ್ರಿ ಆ ಒಂದು ಪುಟದ ಬೆಲೆ ತಿಳಿಯುತ್ತದೆ. ಎರಡನೆಯದಾಗಿ, ಮದುವೆಯ ಒಂದು ಊಟದ ಖರ್ಚನ್ನು ಕಡಿತಗೊಳಿಸಿ ನಾಲ್ಕೂ ತಾಲೂಕುಗಳ ಜಮಾಅತ್‌ಗಳು ಸೇರಿ ವರ್ಷಕ್ಕೆ ಒಬ್ಬ ವಿದ್ಯಾರ್ಥಿಯ ಅಥವಾ ವಿದ್ಯಾರ್ಥಿನಿಯ ಸೆಮಿಸ್ಟರ್ ಖರ್ಚು ಹೊರಲಿ. ಝಕಾತ್‌ನ ಹಣ ಇದಕ್ಕೆ ಸಲ್ಲುವುದೇ ಎಂಬುದನ್ನು ಉಲಮಾಗಳು ಹೇಳಲಿ; ಸದಕಾದ ಹಣಕ್ಕೆ ಅಡ್ಡಿಯಿಲ್ಲ. ಮೂರನೆಯದಾಗಿ, ಆ ನೆರವು ಪಡೆದವರು ಮರಳಿ ಬಂದು ಒಂದು ಬೇಸಿಗೆಯನ್ನು ನಮ್ಮ ನೇಕಾರರು, ಸೆಂಟ್ರಿಂಗ್ ಹುಡುಗರು, ಕಬ್ಬು ಕಡಿಯುವವರ ನಡುವೆ ಕಳೆದು, ಕಂಡದ್ದನ್ನು ಕನ್ನಡದಲ್ಲೂ ಉರ್ದುವಿನಲ್ಲೂ ಬರೆದುಕೊಡಲಿ. ಅಂತರರಾಜ್ಯ ವಲಸೆ ಕಾರ್ಮಿಕರ 1979ರ ಕಾಯ್ದೆ ಹೊಸ ಕಾರ್ಮಿಕ ಸಂಹಿತೆಯಲ್ಲಿ ಲೀನವಾಗಿ, ಆ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದಿದೆ. ಗೋವಾದಲ್ಲಿರುವ ನಮ್ಮ ಹುಡುಗನಿಗೆ ಇದರಿಂದ ಸಿಕ್ಕಿದ್ದೇನು, ತಪ್ಪಿದ್ದೇನು ಎಂದು ಆತನ ಭಾಷೆಯಲ್ಲಿ ಹೇಳುವವರು ಬೇಕಲ್ಲವೇ? ನಾಲ್ಕನೆಯದಾಗಿ, ಅರ್ಜಿಯ ಕೊನೆಯ ದಿನಾಂಕಗಳನ್ನು ಜುಮಾ ನಮಾಝಿನ ಬಳಿಕ ಪ್ರಕಟಿಸುವ ರೂಢಿ ಬರಲಿ.

ಬನಹಟ್ಟಿಯ ಆ ಮನೆಗೆ ನಾವು ಮತ್ತೊಮ್ಮೆ ಹೋಗಿದ್ದೆವು. ಹುಡುಗಿ ರಜೆಗೆ ಬಂದವಳು ತಾಯಿಯ ಪಕ್ಕದಲ್ಲಿ ಕಂಡಿಕೆ ಸುತ್ತುತ್ತಿದ್ದಳು. ಗೋಡೆಯ ಗೂಡಿನಲ್ಲಿ ಒಂದು ಹಳೆಯ ನೋಟುಪುಸ್ತಕವಿತ್ತು. ಓಣಿಯ ಹೆಂಗಸರಿಂದ ಕೇಳಿ, ಯಾವ ಮನೆಯಿಂದ ಯಾರು ಎಲ್ಲಿಗೆ ಹೋಗಿದ್ದಾರೆಂದು ಅದರಲ್ಲಿ ಬರೆಯತೊಡಗಿದ್ದಳು, ನಲವತ್ತೊಂದು ಮನೆಗಳಾಗಿದ್ದವು. ಹೇಗೆ ವಿಂಗಡಿಸುವುದೆಂದು ತಿಳಿಯದೆ ಅಲ್ಲಿಗೇ ನಿಲ್ಲಿಸಿದ್ದಾಳಂತೆ. ಅರ್ಜಿ ಹಾಕುವ ಸಮಯ ಮುಂದಿನ ವರ್ಷ ಮತ್ತೆ ಬರುತ್ತದೆ. ಚಾಚಾರನ್ನು ನಾವೇ ಕಂಡು ಮಾತನಾಡಿದ್ದೇವೆ, “ನೋಡೋಣ” ಎಂದಿದ್ದಾರೆ. ಈ ಸಲ ಸಭೆ ಸೇರಿದರೆ ನಾವು ಚಹಾ ಕುಡಿದು ಸುಮ್ಮನೆ ಎದ್ದು ಬರುವುದಿಲ್ಲ. ಓದುಗರೇ, ನಿಮ್ಮ ಮನೆಯಲ್ಲೂ ಅಂಥ ಸಭೆ ಸೇರಬಹುದು. ಆಗ ನೀವು ಏನು ಹೇಳುವಿರಿ?